ತೂಕದ ಚೀಟಿ ಕೊಟ್ಟಿದ್ದು ಕೈ ಒರೆಸಿಕೊಳ್ಳೋಕಲ್ಲ

ನಮ್ಮ ಬೊಲೆರೊ ಹಿಂದುಗಡೆ ಸ್ಪ್ರಿಂಗಿಗೆ ಒಂದು ಪ್ಲೇಟ್ ಜಾಸ್ತಿ ಹಾಕಿಸಿದರೆ ಎಲ್ಲಾ ಸರಿಹೋಗುತ್ತಂತೆ. ಗ್ಯಾರೇಜಿನವರು ಹೇಳಿದ್ದು ನನಗಲ್ಲ, ನನ್ನ ತಮ್ಮನ ಮಗನಿಗೆ. ಅವನು ಪಿಯುಸಿ ಓದೋ ಹುಡುಗ, ಗಾಡಿ ಓಡಿಸೋಕೂ ಬರಲ್ಲ, ಮೊಬೈಲ್ ನೋಡಿಕೊಂಡು ಪಕ್ಕದಲ್ಲಿ ನಿಂತಿದ್ದ. ಪ್ರಶ್ನೆ ಕೇಳ್ತಾ ಇದ್ದೋಳು ನಾನು, ಉತ್ತರ ಹೋಗ್ತಾ ಇದ್ದಿದ್ದು ಅವನಿಗೆ.

ನಾನು ಕೇಳಿದ್ದು ಒಂದೇ. ಬೊಲೆರೊ ಹಿಂದೆ ಎಳ್ಕೊಂಡು ಹೋಗೋ ನಮ್ಮ ಕ್ಯಾರವಾನ್‌ಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚೋ ಕೊಂಡಿ ಹಾಕಿಸಬೇಕು, ಅದಕ್ಕೆ ಎಷ್ಟು ಭಾರ ತಡೆಯೋ ರೇಟಿಂಗ್‌ನ ಸ್ಪ್ರಿಂಗ್ ಬಾರ್ ತಗೋಬೇಕು? ಇದೇನು ಕೇಳಬಾರದ ಪ್ರಶ್ನೆಯಾ?

ಬರಿಗೈಲಿ ಹೋಗಿರಲಿಲ್ಲ. ವೇಬ್ರಿಡ್ಜ್‌ನಲ್ಲಿ ತೂಗಿಸಿಕೊಂಡು ಹೋಗಿದ್ದೆ. ಬಿಚ್ಚಿ ನಿಲ್ಲಿಸಿದಾಗ ಕ್ಯಾರವಾನ್ 1,120 ಕೆಜಿ. ಬೊಲೆರೊಗೆ ಸಿಕ್ಕಿಸಿ, ಕ್ಯಾರವಾನ್ ಚಕ್ರ ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 980. ವ್ಯತ್ಯಾಸ 140. ಅಷ್ಟು ಭಾರ ಹಿಚ್ ಮೇಲೆ ಕೂತಿದೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅಲ್ಲಿ ಇರಬೇಕು ಅಂತಾರೆ, ನಮ್ಮದು ಹನ್ನೆರಡೂವರೆ. ಹತ್ತಕ್ಕಿಂತ ಕಮ್ಮಿ ಆದರೆ ಸ್ಪೀಡಲ್ಲಿ ಹಿಂದಿನದು ಬಾಲ ಅಲ್ಲಾಡಿಸಿದ ಹಾಗೆ ಎಡಕ್ಕೂ ಬಲಕ್ಕೂ ಹೊಡೆಯುತ್ತೆ, ಆಮೇಲೆ ಸ್ಟೇರಿಂಗ್ ಕೈಗೆ ಸಿಗೋದು ಕಷ್ಟ. ಬೊಲೆರೊ ಹಿಂದಿನ ಆಕ್ಸಲ್‌ನಿಂದ ಆಚೆ ಇಡೋ ಸಾಮಾನು ಸುಮಾರು 50 ಕೆಜಿ. ಅದನ್ನೂ ಸೇರಿಸಬೇಕು, ಸೇರಿಸಿದೆ. 190.

ಆ ತೂಕದ ಚೀಟಿ ಗ್ಯಾರೇಜಿನವರ ಕೈಗೆ ಕೊಟ್ಟೆ. ಮಾತಾಡ್ತಾ ಮಾತಾಡ್ತಾ ಬೆರಳಿಗೆ ಹತ್ತಿದ್ದ ಗ್ರೀಸನ್ನ ಅದೇ ಚೀಟಿಯಲ್ಲಿ ಒರೆಸಿಕೊಂಡರು. ಉಂಡೆ ಮಾಡಿ ಬೆಂಚ್ ಕೆಳಗೆ ಎಸೆದರು. ಸಿಟ್ಟಿನಲ್ಲಿ ಮಾಡಿದ್ದಲ್ಲ, ಬೇಕಂತಾನೂ ಮಾಡಿದ್ದಲ್ಲ, ಅದು ಇನ್ನೂ ಉರಿಯುತ್ತೆ. ಅವರ ಕಣ್ಣಿಗೆ ಅದು ಕಾಗದ ಅಷ್ಟೇ. ನಾನು "ಸಾರ್, ಅದು ತೂಕದ ಚೀಟಿ" ಅಂದೆ. ಅದಕ್ಕೆ ನಮ್ಮ ಹುಡುಗನ ಕಡೆ ತಿರುಗಿ, "ಏನಪ್ಪಾ, ಮಂಡ್ಯ ಕಡೆ ಟ್ರ್ಯಾಕ್ಟರ್ ನೋಡಿಲ್ವಾ? ಲೋಡ್‌ಗಟ್ಟಲೆ ಕಬ್ಬು ಎಳ್ಕೊಂಡು ಹೋಗ್ತವೆ, ಅವಕ್ಕೆ ಯಾವ ಡಿಸ್ಟ್ರಿಬ್ಯೂಷನ್ನು?" ಅಂದರು. ವೆಲ್ಡಿಂಗ್ ಮಾಡ್ತಿದ್ದ ಇಬ್ಬರೂ ಶೀಲ್ಡ್ ಎತ್ತಿ ನಕ್ಕರು. ಆಮೇಲೆ ನನಗೆ, ಹೌದು, ಈ ಒಂದು ಮಾತು ಮಾತ್ರ ನನಗೆ: "ಯಜಮಾನ್ರನ್ನ ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ."

ಕಬ್ಬಿನ ಟ್ರ್ಯಾಕ್ಟರ್ ನೋಡಿದ್ದೀನಿ ಸ್ವಾಮಿ! ನಾಲೆ ಏರಿ ಹತ್ತುವಾಗ ಅದರ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳೋದೂ ನೋಡಿದ್ದೀನಿ. ಮೂತಿಗೆ ಕಬ್ಬಿಣದ ವೇಟ್ ಯಾಕೆ ನೇತು ಹಾಕ್ತಾರೆ? ಮುಂದುಗಡೆ ಭಾರ ಇಲ್ಲ ಅಂದರೆ ಚಕ್ರ ತಿರುಗಿಸಿದರೂ ಗಾಡಿ ತಿರುಗಲ್ಲ ಅಂತ ತಾನೆ? ನಾನು ಕೇಳ್ತಿರೋದೂ ಅದನ್ನೇ ಅಲ್ವಾ!

ಹಿಚ್ ಮೇಲೆ ಭಾರ ಬಿದ್ದಾಗ ಹಿಂದಿನ ಆಕ್ಸಲ್ ಕುಸಿಯುತ್ತೆ, ಮುಂದಿನದು ಹಗುರ ಆಗುತ್ತೆ. ಬ್ರೇಕ್ ಹೊಡೆದಾಗ ಹೆಚ್ಚು ಕೆಲಸ ಮಾಡೋದು ಮುಂದಿನ ಚಕ್ರಗಳೇ. ನಂಜನಗೂಡು ರೋಡಲ್ಲಿ ರಾತ್ರಿ ಎದುರು ಬರೋರೆಲ್ಲ ನನಗೆ ಲೈಟ್ ಹೊಡೀತಾರೆ, ನಾನು ಡಿಮ್‌ನಲ್ಲೇ ಇರ್ತೀನಿ, ಗಾಡಿ ಮೂತಿ ಎತ್ತಿರೋದರಿಂದ ಬೆಳಕು ಅವರ ಕಣ್ಣಿಗೆ ಹೋಗುತ್ತೆ. ಪ್ಲೇಟ್ ಹಾಕಿಸಿದರೆ ಹಿಂದುಗಡೆ ಎತ್ತರ ಆಗುತ್ತೆ, ನೋಡೋಕೆ ಸಮ ಕಾಣುತ್ತೆ. ಮುಂದಿನ ಚಕ್ರದಿಂದ ಹೋದ ಭಾರ ವಾಪಸ್ ಬರಲ್ಲ. ಸ್ಪ್ರಿಂಗ್ ಬಾರ್ ಬಿಗಿದರೆ ಬರುತ್ತೆ, ಅದು ಸನ್ನೆಕೋಲಿನ ಹಾಗೆ ಮೀಟಿ ಒಂದಿಷ್ಟು ಭಾರವನ್ನ ಮುಂದಿನ ಆಕ್ಸಲ್‌ಗೆ, ಒಂದಿಷ್ಟನ್ನ ಕ್ಯಾರವಾನ್ ಚಕ್ರಕ್ಕೆ ಹಂಚುತ್ತೆ. ಗಾಡಿಯ ಎಳೆಯೋ ಮಿತಿ ಅದರಿಂದ ಜಾಸ್ತಿ ಆಗಲ್ಲ ಅಂತಾನೂ ಗೊತ್ತು. ಇಷ್ಟು ಗೊತ್ತಿದ್ದೋಳಿಗೆ ಯಜಮಾನ್ರನ್ನ ಕಳಿಸಿ ಅಂತೆ.

ಕೊನೆಗೆ ಮೂಲೆಯಿಂದ ಒಂದು ಸೆಟ್ ಎಳೆದು ತಂದರು. ಯಾರೋ ತರಿಸಿ ಬಿಟ್ಟುಹೋಗಿದ್ದಂತೆ. ಮೇಲೆ 1,000 ಪೌಂಡ್ ಅಂತ ಇತ್ತು. "ಇದು ಗಟ್ಟಿ, ಇದನ್ನೇ ಹಾಕಿ." ಸಾವಿರ ಪೌಂಡ್ ಅಂದರೆ ಸುಮಾರು 454 ಕೆಜಿ. ನನ್ನ ಲೆಕ್ಕ 190. ಅಷ್ಟು ಬಿರುಸಿನ ಬಾರ್ ಹಾಕಿದರೆ ಪ್ರತಿ ಹಂಪ್‌ನ ಏಟೂ ನೇರ ಚಾಸಿಗೆ, ಕ್ಯಾರವಾನಿನ ಮುಂದಿನ ಫ್ರೇಮಿಗೆ ಹೋಗುತ್ತೆ. ನಮ್ಮೂರಲ್ಲಿ ಹಂಪ್‌ಗೆ ಬರವಾ?

ಬಿಡಿ, ಹೋಗಲಿ. ಮಾರಿಬಿಡೋಣ ಅನ್ನಿಸಿತು. ದಾರಿಯುದ್ದಕ್ಕೂ ಅದನ್ನೇ ಯೋಚಿಸ್ತಾ ಬಂದೆ. ಈ ಊರಲ್ಲಿ ಇದೆಲ್ಲ ಆಗೋ ಮಾತಲ್ಲ, ಅಮ್ಮನನ್ನ ರೈಲಲ್ಲೇ ಕರ್ಕೊಂಡು ಹೋಗೋದು ಅಂತ. ಆದರೆ ಎರಡೂ ಮಂಡಿ ಹೋಗಿರೋ ಅಮ್ಮ ರೈಲಿನ ಟಾಯ್ಲೆಟ್ ಭಯಕ್ಕೆ ನೀರೇ ಕುಡಿಯಲ್ಲ. ಕ್ಯಾರವಾನಿನೊಳಗೆ ಕಮೋಡ್ ಇದೆ, ಹಿಡಿಯೋಕೆ ರಾಡ್ ಇದೆ. ಮಾರಲ್ಲ. ಯಾಕೆ ಮಾರಬೇಕು? ತಾಯಿ, ಮಗಳು ನೆಮ್ಮದಿಯಾಗಿ ಹೋಗಿ ಬರೋದಕ್ಕೆ ಇನ್ನೊಬ್ಬರ ನಗು ಯಾಕೆ ಅಡ್ಡ ಬರಬೇಕು?

ಮೈಸೂರು, ಮಂಡ್ಯ, ಎಲ್ಲಾದರೂ ಸರಿ, ಇದನ್ನ ಹಾಕಿಸಿರೋರು ಒಬ್ಬರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. 190 ಕೆಜಿ ಅಂದರೆ ಹೆಚ್ಚುಕಮ್ಮಿ 419 ಪೌಂಡ್. 400ರ ಬಾರ್ ತಗೊಂಡರೆ ಸ್ವಲ್ಪ ಸಾಲದು, 600ರದ್ದು ತಗೊಂಡರೆ ಬಿರುಸಾಗುತ್ತಾ, ನಡೆಯುತ್ತಾ? ನಮ್ಮದರಲ್ಲಿ ಇರೋದು ಓವರ್‌ರನ್ ಬ್ರೇಕು, ಅಂದರೆ ಎಳೆಯೋ ಗಾಡಿ ನಿಧಾನ ಆದಾಗ ಕ್ಯಾರವಾನ್ ಮುಂದಕ್ಕೆ ಒತ್ತಿ ತಾನೇ ಬ್ರೇಕ್ ಹಿಡಿಯೋದು, ಅದಕ್ಕೆ ಹಿಚ್‌ಗೆ ಸಿಕ್ಕಿಸೋ ಕಪ್ಲರ್ ಹಿಂದೆಮುಂದೆ ಜಾರಬೇಕು. ಎಲ್ಲಾ ಹಿಚ್ಚೂ ಅದಕ್ಕೆ ಆಗಿಬರಲ್ಲ. ಸ್ಪ್ರಿಂಗ್ ಬಾರಿನ ಚೈನ್ ಬಿಗಿದ ಮೇಲೂ ನಿಮ್ಮದರಲ್ಲಿ ಬ್ರೇಕ್ ಸರಿಯಾಗಿ ಹಿಡೀತಾ ಇದೆಯಾ? ಇನ್ನು ಹೆಂಗಸರಿಗೆ ಇದೆಲ್ಲ ಯಾಕೆ, ಡ್ರೈವರ್ ಇಟ್ಕೊಳ್ಳಿ ಅನ್ನೋರು ಏನೂ ಬರೆಯೋದು ಬೇಡ, ಅದನ್ನ ಬೆಳಗ್ಗೆನೇ ಕೇಳಿಸಿಕೊಂಡು ಬಂದಿದ್ದೀನಿ.