ಶಾಲ್ಮಲೆಯ ಜಾಡಿನಲ್ಲಿ ಸೈಕಲ್

ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ-ಮಣ್ಣಿನ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್ಲಿನ ಬಗ್ಗೆ ಲೇಖನವೊಂದನ್ನು ಓದಿದೆ. ಕಾಡಿನ ಕಣಿವೆಯಲ್ಲಿ ಅದನ್ನು ಓಡಿಸಲು ಹಿಮಾಚಲಕ್ಕೇ ಹೋಗಬೇಕು ಎಂಬ ಅದರ ಲೇಖಕರ ಮಾತನ್ನು ಧಾರವಾಡದವನಾದ ನಾನು ಒಪ್ಪುವುದಿಲ್ಲ. ನಮ್ಮೂರಿನ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಹೊಳೆ ಬೇಡ್ತಿ ನದಿಯನ್ನು ಸೇರಿ, ಯಲ್ಲಾಪುರದ ಆಚೆ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಮುಂದೆ ಅದೇ ನೀರಿಗೆ ಗಂಗಾವಳಿ ಎಂದು ಹೆಸರು. ಜೇನುಕಲ್ಲು ಗುಡ್ಡದ ಮೇಲೆ ನಿಂತರೆ ಆ ಕಣಿವೆಯ ಆಳ ಕಣ್ಣಿಗೆ ಬೀಳುತ್ತದೆ.

ಹುಬ್ಬಳ್ಳಿಯಿಂದ ಯಲ್ಲಾಪುರದವರೆಗಿನ ಹೆದ್ದಾರಿಯಲ್ಲಿ ಲಾರಿಗಳ ಕಾಟ. ಅಷ್ಟು ದೂರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುವುದೇ ಜಾಣತನ.

ಟೈರಿನ ಗಾಳಿಯ ಬಗ್ಗೆ ಆ ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ನನ್ನ 40 ಮಿ.ಮೀ. ಟೈರಿಗೆ ಮೊದಲ ಸಲ ಕಲ್ಲಿನಂತೆ ಗಾಳಿ ತುಂಬಿಸಿ, ಜಲ್ಲಿಯ ಇಳಿಜಾರಿನಲ್ಲಿ ಜಾರಿ ಮೊಣಕೈ ಕೆತ್ತಿಸಿಕೊಂಡೆ. ಗಾಳಿ ತುಸು ಇಳಿಸಿದರೆ ಟೈರು ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಮೈಯೂ ನಡುಗುವುದಿಲ್ಲ. ತೀರಾ ಇಳಿಸಿದರೆ ರಿಮ್ಮಿಗೇ ಪೆಟ್ಟು. ಇನ್ನು ನವಲಗುಂದದ ಕಡೆಯ ಎರೆಮಣ್ಣಿನಲ್ಲಿ ಮಳೆ ಬಂದರೆ ಯಾವ ಲೆಕ್ಕವೂ ನಡೆಯದು. ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಸೈಕಲ್ಲೇ ಹೆಗಲೇರುತ್ತದೆ! ಮಲೆನಾಡಿನಲ್ಲಿ ಆ ತೊಂದರೆ ಕಡಿಮೆ, ಬದಲಿಗೆ ರಕ್ತ ಹೀರುವ ಇಂಬಳಗಳು. ಕಾಡಿನೊಳಗಿನ ಕಾಲುದಾರಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯಬೇಡಿ, ಊರಿನವರು ಓಡಾಡುವ ಮಣ್ಣುರಸ್ತೆಗಳೇ ಬೇಕಾದಷ್ಟಿವೆ.