ಬದಲಾವಣೆ ಬ್ಯಾಂಕಿನದು, ಓಡಾಟ ಅಮ್ಮನದು

ಈಗಷ್ಟೇ ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಬ್ಯಾಂಕು ಇರುವುದು ಮೊದಲ ಮಹಡಿಯಲ್ಲಿ. 22 ಮೆಟ್ಟಿಲು, ಲಿಫ್ಟ್ ಇಲ್ಲ. ಅಮ್ಮನಿಗೆ 74, ಎರಡೂ ಮಂಡಿ ಸವೆದಿವೆ. ಎಂಟನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತರು. ಮೇಲಿನಿಂದ ಇಳಿಯುವವರಿಗೆ ದಾರಿ ಬಿಡಬೇಕೆಂದು ಗೋಡೆಗೆ ಒತ್ತಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ಮೇಲೆ ಹೋಗಿ ಟೋಕನ್ ತೆಗೆದಿಡು ಮಗಾ, ನಾನು ನಿಧಾನಕ್ಕೆ ಬರ್ತೇನೆ" ಅಂದರು.

ಈ ಮೆಟ್ಟಿಲು ಹತ್ತಬಾರದು ಅಂತಲೇ ಎಂಟು ತಿಂಗಳ ಹಿಂದೆ ಖಾತೆಯನ್ನು ಬೇರೆ ಬ್ರಾಂಚಿಗೆ ಹಾಕಿಸಿದ್ದೆವು.

ಅಪ್ಪ ಹೈಸ್ಕೂಲು ಮಾಸ್ಟ್ರಾಗಿದ್ದದ್ದು, ನಾಲ್ಕು ವರ್ಷದ ಹಿಂದೆ ಹೋದದ್ದು ನಿಮಗೆಲ್ಲ ಗೊತ್ತೇ ಇದೆ. ಅವರ ಸಂಬಳ ಬೀಳುತ್ತಿದ್ದದ್ದು ಮಾರ್ಕೆಟ್ ರಸ್ತೆಯ ಬ್ರಾಂಚಿಗೆ. ಆಮೇಲೆ ಪೆನ್ಶನ್, ಈಗ ಅಮ್ಮನ ಫ್ಯಾಮಿಲಿ ಪೆನ್ಶನ್. ಕಳೆದ ವರ್ಷ ಆ ಬ್ರಾಂಚಿನ ಬಾಗಿಲಿಗೆ ಒಂದು ನೋಟೀಸು ಅಂಟಿಸಿದರು: ಬಸ್‌ಸ್ಟ್ಯಾಂಡ್ ಹತ್ತಿರದ ಬ್ರಾಂಚಿನೊಂದಿಗೆ ಇದನ್ನು ಸೇರಿಸಲಾಗುವುದು. ಬಸ್‌ಸ್ಟ್ಯಾಂಡಿನದು ಅಂದರೆ ಇದೇ 22 ಮೆಟ್ಟಿಲಿನದು. ಕೇಳಿದಾಗ ಮ್ಯಾನೇಜರ್ ಹೇಳಿದರು, "ರಥಬೀದಿ ಬ್ರಾಂಚಿಗೆ ಹಾಕಿಸಿಕೊಳ್ಳಿ, ನೆಲಮಾಳಿಗೆಯೂ ಅಲ್ಲ ಮಹಡಿಯೂ ಅಲ್ಲ, ರಸ್ತೆ ಮಟ್ಟಕ್ಕೇ ಇದೆ. ಅಲ್ಲಿ ಏನೂ ಬದಲಾಗುವುದಿಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅವರ ಮೇಲೆ ನನಗೆ ದೂರಿಲ್ಲ.

ಅರ್ಜಿ ಬರೆದೆವು. ಹಳೆ ಚೆಕ್‌ಬುಕ್ ವಾಪಸ್ ಕೊಟ್ಟೆವು. ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ, ಮತ್ತೆ ಬೇಕು ಅಂದರು. ಒಂದು ಬ್ರಾಂಚಿನಲ್ಲಿ ಪೂರ್ತಿ ಕೆವೈಸಿ ಆಗಿದ್ದು, ಅದನ್ನು ನವೀಕರಿಸುವ ಸಮಯ ಬಂದಿಲ್ಲದಿದ್ದರೆ, ಅದೇ ಬ್ಯಾಂಕಿನ ಇನ್ನೊಂದು ಬ್ರಾಂಚಿಗೆ ಖಾತೆ ಹೋಗುವಾಗ ಅದೇ ಸಾಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ನನಗದು ಗೊತ್ತಿತ್ತು. ಆದರೂ ಜಗಳ ಬೇಡ ಅಂತ ಆಧಾರ್, ಪ್ಯಾನ್, ಫೋಟೋ ಎಲ್ಲ ಕೊಟ್ಟೆವು. ಪೆನ್ಶನ್‌ಗೆ ಖಜಾನೆಗೆ ಹೋದೆವು. ಎಲ್‌ಐಸಿ ಕಂತು ಖಾತೆಯಿಂದ ತಾನಾಗಿ ಹೋಗಲು ಹೊಸ ಮ್ಯಾಂಡೇಟ್ (ಒಪ್ಪಿಗೆ ಪತ್ರ) ತುಂಬಿದೆವು. ಮೇಲಿನ ಮನೆಯ ಬಾಡಿಗೆಯವರಿಗೆ ಹೊಸ ಐಎಫ್‌ಎಸ್‌ಸಿ, ಅಂದರೆ ಹಣ ಕಳಿಸಲು ಬೇಕಾದ ಬ್ರಾಂಚಿನ ಕೋಡ್, ಬರೆದುಕೊಟ್ಟೆವು. ಇನ್ನು ನಿಶ್ಚಿಂತೆ ಅಂದುಕೊಂಡೆವು.

ಎಂಟೇ ತಿಂಗಳು. ಈಗ ರಥಬೀದಿ ಬ್ರಾಂಚನ್ನೂ ಬಸ್‌ಸ್ಟ್ಯಾಂಡ್ ಬ್ರಾಂಚಿಗೇ ಸೇರಿಸಿದ್ದಾರೆ.

ನಮಗೆ ತಿಳಿದದ್ದು ಹೇಗೆ ಗೊತ್ತಾ? ಬಾಡಿಗೆಯವರು ಕಳಿಸಿದ ಹಣ ವಾಪಸ್ ಹೋಯಿತು. "ಅಮ್ಮಾ, ನಿಮ್ಮ ಬ್ಯಾಂಕ್ ಕೋಡ್ ತಪ್ಪು ಅಂತ ಬರ್ತಾ ಉಂಟು" ಅಂತ ಅವರು ಬಂದು ಹೇಳಿದ ಮೇಲೆ. ಬ್ಯಾಂಕಿನಿಂದ ಒಂದು ಕಾಗದ ಬಂದಿರಲಿಲ್ಲ. ಎಸ್‌ಎಂಎಸ್ ಬಂದಿರಬಹುದು ಎನ್ನುತ್ತಾರೆ. ಅಮ್ಮನ ಫೋನಿಗೆ ದಿನಕ್ಕೆ ಇಪ್ಪತ್ತು ಎಸ್‌ಎಂಎಸ್ ಬರುತ್ತವೆ, ಅದರಲ್ಲಿ ಹದಿನೈದು ಸಾಲ ಕೊಡುತ್ತೇವೆ ಅನ್ನುವಂಥವು. ಅವುಗಳ ನಡುವೆ ಇದನ್ನು ಆರಿಸಿ ಓದಬೇಕಿತ್ತು ಅಂದರೆ ಅದು ನ್ಯಾಯವಲ್ಲ.

ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದೊಂದೇ. ತೀರ್ಮಾನ ಮಾಡಿದ್ದು ಬ್ಯಾಂಕು, ಕಟ್ಟಡದ ಬಾಡಿಗೆ ಉಳಿದದ್ದು ಬ್ಯಾಂಕಿಗೆ. ಊರಿಗೆಲ್ಲ ಹೋಗಿ "ನನ್ನ ಕೋಡ್ ಬದಲಾಗಿದೆ" ಎಂದು ಹೇಳಿಬರುವ ಕೆಲಸ ಮಾತ್ರ ಅಮ್ಮನದು. ಯಾಕೆ?

ಐಎಫ್‌ಎಸ್‌ಸಿಯಲ್ಲಿ ಇರುವುದು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ಆರು ಬ್ರಾಂಚಿನದು. ಅಮ್ಮನ ಖಾತೆ ನಂಬರ್ ಎರಡೂ ಸಲ ಬದಲಾಗಲಿಲ್ಲ. ದುಡ್ಡು ಎಲ್ಲಿಯೂ ಹೋಗಲಿಲ್ಲ. ಬದಲಾದದ್ದು ಆ ಕೊನೆಯ ಆರು ಅಕ್ಷರ ಅಷ್ಟೇ. ಅಷ್ಟಕ್ಕೆ ಖಜಾನೆ, ಎಲ್‌ಐಸಿ, ಬಾಡಿಗೆಯವರು, ಹೊಸ ಚೆಕ್‌ಬುಕ್, ಹೊಸ ಪಾಸ್‌ಬುಕ್. ಅದೂ ಎಂಟು ತಿಂಗಳಲ್ಲಿ ಎರಡು ಸಲ.

ಬ್ರಾಂಚು ಬದಲಾದರೂ ಹಣ ತಾನಾಗಿ ಬಂದು ಸೇರುವಂತೆ ಮಾಡುವುದು ಆಗದ ಕೆಲಸವೇನಲ್ಲ. ನಮ್ಮಲ್ಲಿ ಪಾತ್ರೆ ತೊಳೆಯಲು ಬರುವ ಅಕ್ಕನ ಖಾತೆಯೂ ರಥಬೀದಿಯಲ್ಲೇ ಇತ್ತು. ಅವರ ಗೃಹಲಕ್ಷ್ಮಿ ₹2,000 ಯಾವ ಬ್ರಾಂಚು ಅಂತ ಕೇಳದೆ ಬಂದು ಬಿದ್ದಿದೆ. ಅದು ಆಧಾರ್ ಹಿಡಿದುಕೊಂಡು ಬರುವ ಹಣ. ಸಿಮ್ ಕಂಪನಿ ಬದಲಾಯಿಸಿದರೂ ಅದೇ ನಂಬರ್ ಇಟ್ಟುಕೊಳ್ಳುವ ವ್ಯವಸ್ಥೆ 2011ರಲ್ಲೇ ದೇಶಕ್ಕೆಲ್ಲ ಬಂತು. ಮುಚ್ಚಿದ ಬ್ರಾಂಚಿನ ಕೋಡಿಗೆ ಬಂದ ಹಣವನ್ನು ಸೇರಿಸಿಕೊಂಡ ಬ್ರಾಂಚಿಗೆ ತಿರುಗಿಸಿಕೊಳ್ಳುವುದೂ ಹೊಸ ವಿದ್ಯೆಯಲ್ಲ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿತು, ಅದರ ಹಳೆ ಕೋಡುಗಳು 2021ರ ಜೂನ್ 30ರವರೆಗೆ ನಡೆದವು. 15 ತಿಂಗಳು. ಇಡೀ ಬ್ಯಾಂಕಿಗೇ ಅಷ್ಟು ಸಮಯ ಸಿಗುವುದಾದರೆ ರಥಬೀದಿಯ ಒಂದು ಸಣ್ಣ ಬ್ರಾಂಚಿಗೆ ಯಾಕೆ ಸಿಗಬಾರದು?

ಲಾಕರ್ ಇಟ್ಟವರಿಗೆ ನಿಯಮವೂ ಇದೆ. ಬ್ರಾಂಚು ಮುಚ್ಚುವುದು, ಸೇರಿಸುವುದು ಅಂತಾಗಿ ಲಾಕರ್ ಜಾಗ ಬದಲಾಗುವುದಿದ್ದರೆ ಕನಿಷ್ಠ ಎರಡು ತಿಂಗಳು ಮುಂಚೆ ತಿಳಿಸಬೇಕು, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ರಿಸರ್ವ್ ಬ್ಯಾಂಕ್ 2021ರಲ್ಲಿ ಮಾಡಿದ ನಿಯಮ. ಪೆನ್ಶನ್ ನಂಬಿ ಬದುಕುವ ಮುದುಕಿಗೂ ಅಷ್ಟೇ ಮರ್ಯಾದೆ ಸಿಗಲಿ ಎನ್ನುತ್ತೇನೆ, ಹೆಚ್ಚೇನೂ ಕೇಳುತ್ತಿಲ್ಲ.

"ಈಗ ಯಾರು ಬ್ಯಾಂಕಿಗೆ ಹೋಗುತ್ತಾರೆ, ಎಲ್ಲ ಮೊಬೈಲಲ್ಲೇ ಆಗುತ್ತದಲ್ಲ" ಎಂದು ಕಮೆಂಟ್ ಹಾಕುವವರು ಇರುತ್ತೀರಿ. ನಾನೂ ಹೋಗುವುದಿಲ್ಲ. ಆದರೆ ಮ್ಯಾಂಡೇಟಿಗೆ ಸಹಿ ಬೇಕು ಅಂದಾಗ, ಸಹಿ ಹೊಂದುತ್ತಿಲ್ಲ ಅಂದಾಗ, ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆ ಬೆರಳು ಯಂತ್ರದ ಮೇಲೆ ಮೂಡದಾಗ ಅಮ್ಮನೇ ಹೋಗಬೇಕು. 70 ದಾಟಿದವರ ಮನೆಬಾಗಿಲಿಗೇ ಸೇವೆ ಕೊಡಬೇಕೆಂದು 2017ರಲ್ಲೇ ಸುತ್ತೋಲೆ ಬಂದಿದೆ, ಅದನ್ನೂ ಕೇಳಿದೆ. "ಅದಕ್ಕೆ ಬರುವ ಹುಡುಗ ಈಗ ಇಲ್ಲ, ಮುಂದಿನ ತಿಂಗಳು ನೋಡುವ" ಅಂದರು.

ನಮ್ಮದು ಬ್ಯಾಂಕುಗಳನ್ನು ಹೆತ್ತ ಊರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯ. ಇವುಗಳಲ್ಲಿ ಮೂರು ಹೆಸರು ಇವತ್ತು ಬೋರ್ಡಿನ ಮೇಲಿಲ್ಲ. ವಿಲೀನ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನನಗೆ ನೆನಪಾಗುವುದು ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ. 1928ರಲ್ಲಿ ಸಿಂಡಿಕೇಟಿನವರು ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಕಟ್ಟಿದರೆ ಸಾಕಿತ್ತು. ಆ ಎರಡಾಣೆ ತೆಗೆದುಕೊಳ್ಳಲು ಬ್ಯಾಂಕಿನವರು ಮನೆ ಮನೆಗೆ ನಡೆದು ಬರುತ್ತಿದ್ದರು. ಅದೇ ಊರಿನಲ್ಲಿ ಇವತ್ತು ಅಮ್ಮ ಎಂಟನೇ ಮೆಟ್ಟಿಲಲ್ಲಿ ಉಸಿರು ತೆಗೆದುಕೊಳ್ಳುತ್ತಾ ನಿಂತದ್ದನ್ನು ನೋಡಿ ಹೊಟ್ಟೆ ಉರಿಯಿತು.

ಇನ್ನೊಂದು ಮಾತು, ಹೇಳಲೇಬೇಕು. ರಥಬೀದಿಗೆ ಹಾಕಿಸೋಣ ಅಂದದ್ದು ನಾನು. ಅಮ್ಮ ಬೇಡ ಅಂದಿದ್ದರು. ಮಾರ್ಕೆಟ್ ರಸ್ತೆಯ ಬ್ರಾಂಚಿನ ಅಟೆಂಡರ್ ಇವರನ್ನು ಕಂಡ ಕೂಡಲೇ "ಮಾಸ್ಟ್ರ ಮನೆಯವರು ಬಂದ್ರು" ಅಂತ ಕುರ್ಚಿ ಎಳೆದು ಕೊಡುತ್ತಿದ್ದರು. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಹೂವು, ಬಸಳೆ ತೆಗೆದುಕೊಂಡು ಬರುವುದು, ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಹೋಗಿಬರುತ್ತಿದ್ದ ದಾರಿ ಅದೊಂದೇ. ಆ ಬ್ರಾಂಚು ಮುಚ್ಚುವವರೆಗೆ ಇನ್ನೂ ಮೂರು ತಿಂಗಳಿತ್ತು. ನನ್ನ ಅವಸರಕ್ಕೆ ಆ ಮೂರು ತಿಂಗಳೂ ಹೋಯಿತು. ಇವತ್ತು ಮೆಟ್ಟಿಲ ಮೇಲೆ ನಿಂತಾಗಲೂ ಅವರು ಅದನ್ನು ಎತ್ತಿ ಆಡಲಿಲ್ಲ.

ಮೇಲೆ ಕೌಂಟರಿನಲ್ಲಿ ಬೇರೆ ರಾಜ್ಯದಿಂದ ಬಂದ ಚಿಕ್ಕ ಹುಡುಗಿ. ಅವಳ ಮೇಲೆ ಕೂಗಾಡಿದೆ. ಅವಳ ತಪ್ಪೇನೂ ಇರಲಿಲ್ಲ, ಮೂರು ಬ್ರಾಂಚಿನ ಜನ ಅವಳೊಬ್ಬಳ ಮುಂದೆ ನಿಂತಿದ್ದರು. ಅವಳು ಎದ್ದು ಬಂದು, ತನಗೆ ಬರುವಷ್ಟು ಕನ್ನಡದಲ್ಲಿ "ಅಮ್ಮಾ, ಕೂತ್ಕೊಳ್ಳಿ" ಅಂತ ತನ್ನದೇ ಕುರ್ಚಿ ಕೊಟ್ಟಳು. ಬರುವಾಗ ಕ್ಷಮೆ ಕೇಳಿ ಬಂದೆ.

ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಪತ್ರ ಬರೆದಿದ್ದೇನೆ, ಬ್ರಾಂಚಿನ ಸೀಲು ಹಾಕಿಸಿದ ಪ್ರತಿ ನನ್ನ ಹತ್ತಿರ ಇದೆ. ಇಲ್ಲಿರುವ ನೀವು ಎಷ್ಟೋ ಜನ ಬ್ಯಾಂಕಿನಲ್ಲೇ ಕೆಲಸ ಮಾಡಿದವರು. ಮುಂದೆ ಯಾರಿಗೆ ಬರೆಯಬೇಕು ಹೇಳಿ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಶುಕ್ರವಾರ ಎಲ್‌ಐಸಿ ಆಫೀಸು, ಸೋಮವಾರ ಖಜಾನೆ. ಅಮ್ಮ ಈಗಲೇ ಬಟ್ಟೆ ಚೀಲ ತೆಗೆದು ಮೂರು ಪಾಸ್‌ಬುಕ್ಕನ್ನೂ ಅದಕ್ಕೆ ಹಾಕಿಟ್ಟಿದ್ದಾರೆ. ಹಳೆಯದು ಬೇಡ ಅಮ್ಮಾ ಅಂದೆ. "ಇರಲಿ, ಅದರಲ್ಲಿ ಅಪ್ಪನ ಅಕ್ಷರ ಉಂಟು" ಅಂದರು.