ಈಗಲೋ, ಸ್ವಲ್ಪ ದಿನ ಬಿಟ್ಟೋ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ದುಡಿಯುವುದು ನನ್ನ ಕಂಪ್ಯೂಟರು. ಅದೂ ರಾತ್ರಿ ಪಾಳಿ. ಮನೆ ಕಟ್ಟಿಸುವವರಿಗೆ ತ್ರೀಡಿ ಎಲಿವೇಶನ್ ಮಾಡಿಕೊಡುವುದು ನನ್ನ ಕಸುಬು. ಪಾಯ ತೋಡುವ ಮೊದಲೇ ಮನೆ ಹೇಗಿರುತ್ತದೆ ಅಂತ ತೋರಿಸಬೇಕು. ಮನೆಗೆ ಒಂದು ಸುತ್ತು ಬರುವ ಅರ್ಧ ನಿಮಿಷದ ವಿಡಿಯೊ ಅಂದರೆ 750 ಚಿತ್ರ. ಒಂದಕ್ಕೆ ಒಂದು ನಿಮಿಷ ಹಿಡಿದರೂ ಹನ್ನೆರಡೂವರೆ ಗಂಟೆ. ಆ ಚಿತ್ರಗಳನ್ನು ಬರೆಯಲು ಬಿಟ್ಟು, ಅಂದರೆ ರೆಂಡರ್ ಹಾಕಿ, ನಾನು ಮಲಗುತ್ತೇನೆ, ಗೊರಕೆ ಮಾತ್ರ ಅದು ಹೊಡೆಯುತ್ತದೆ. ಮಾರನೆಯ ದಿನ ವಿಡಿಯೊ ಕಳಿಸಿದರೆ ಪಾರ್ಟಿಯ ಫೋನು: "ಸೂಪರ್ ಸಾರ್. ಆ ಪಿಲ್ಲರ್ ಬಣ್ಣ ಒಂದು ಚೂರು ಚೇಂಜ್ ಮಾಡ್ಬಿಡಿ." ಅಲ್ಲಿಗೆ ಇನ್ನೊಂದು ರಾತ್ರಿ ಹೋಯಿತು.

ಇದನ್ನು ಕೊಂಡದ್ದು 2017ರಲ್ಲಿ. ಆಗಷ್ಟೇ ಬಂದಿದ್ದ ರೈಜನ್ ಪ್ರೊಸೆಸರ್, ಚಿತ್ರ ಬರೆಯಲು 6 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡು. ಆವತ್ತಿಗೆ ರಾಜ. ಈಗ ಹುಲ್ಲುಹಾಸು, ಟೈಲ್ಸು, ಎರಡು ಮರ ಸೇರಿದರೆ ಕಾರ್ಡಿನ ಮೆಮೊರಿ ತುಂಬಿ ಕೆಲಸ ನಿಂತುಬಿಡುತ್ತದೆ. ಹಾಗಾಗಿ ಮರ ಕಡಿಯುತ್ತೇನೆ. ಒಂದು ಹೊಂಗೆ ತೆಗೆದರೆ ಮನೆ ಉಳಿಯುತ್ತದೆ. ನಾನು ಈ ಪೆಟ್ಟಿಗೆಯೊಳಗೆ ಇದುವರೆಗೆ ಕಡಿದ ಮರಗಳ ಲೆಕ್ಕ ಅರಣ್ಯ ಇಲಾಖೆಗೆ ಸಿಕ್ಕರೆ ಕಷ್ಟ ಇದೆ.

ಹೊಸದು ತಗೊಳ್ಳಬೇಕು ಅಂತ ಮೊದಲು ಅನ್ನಿಸಿದ್ದು 2020ರಲ್ಲಿ. ಆ ಸೆಪ್ಟೆಂಬರಿನಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡು ಬಂತು. 699 ಡಾಲರ್ ಅಂದರು. ಆ ಬೆಲೆ ಕಾಗದದ ಮೇಲೆ ಚೆನ್ನಾಗಿತ್ತು. ಒಂದು ಕಡೆ ಕೊರೊನಾ, ಇನ್ನೊಂದು ಕಡೆ ಇದೇ ಕಾರ್ಡುಗಳನ್ನು ರಾಶಿ ಹಾಕಿಕೊಂಡು ಈಥೀರಿಯಂ ಎಂಬ ಡಿಜಿಟಲ್ ದುಡ್ಡು ಅಗೆಯುವವರು, ಮಧ್ಯದಲ್ಲಿ ನಾನು. ಅಂಗಡಿಯಲ್ಲಿ ಬೆಲೆ ಏರಿತ್ತು. ಇಳಿಯಲಿ ಅಂತ ಕೂತೆ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಅಗೆತವೇ ನಿಂತಿತು, ಬೆಲೆಯೂ ಇಳಿದಿತ್ತು. ಕೊಂಡೆನಾ? ಇಲ್ಲ. ಮುಂದಿನ ತಿಂಗಳೇ 24 ಜಿಬಿಯ 4090 ಬಂತಲ್ಲ! ಅದರ ಬೆಲೆಯೂ ಇಳಿಯಲಿ ಅಂತ ಕಾದೆ. ಕಾಯುತ್ತಿರುವಾಗಲೇ 2025ರ ಜನವರಿಯಲ್ಲಿ 5090. 32 ಜಿಬಿ, 575 ವ್ಯಾಟ್. ನಮ್ಮ ಮಿಕ್ಸಿಯೂ ಹೆಚ್ಚುಕಡಿಮೆ ಅಷ್ಟೇ ಕುಡಿಯುತ್ತದೆ, ಆದರೆ ಚಟ್ನಿಗೆ ಎರಡು ನಿಮಿಷ. ರಾತ್ರಿಯಿಡೀ ಮಿಕ್ಸಿ ಓಡಿಸುವ ಯೋಚನೆ ಬಂದು ಮತ್ತೆ ಸುಮ್ಮನಾದೆ.

ಕಾಯುವವರಿಂದ ಕಂಪನಿಗಳೇ ಮುಳುಗುವುದುಂಟು. ಆ್ಯಡಮ್ ಆಸ್ಬಾರ್ನ್ ಅಂತ ಒಬ್ಬರಿದ್ದರು. ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ, ಅಪ್ಪ ರಮಣ ಮಹರ್ಷಿಗಳ ಭಕ್ತರು. 1981ರಲ್ಲಿ ಅಮೆರಿಕದಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಕಂಪ್ಯೂಟರ್ ಮಾರಿದರು. ತೂಕ ಹತ್ತು ಕಿಲೋ ಮೇಲೆ, ಅದು ಬೇರೆ ಮಾತು. ಭರ್ಜರಿಯಾಗಿ ಹೋಯಿತು. ಆಮೇಲೆ ಇದಕ್ಕಿಂತ ಒಳ್ಳೆಯದು ಬರುತ್ತಿದೆ ಅಂತ ಮುಂಚಿತವಾಗಿ ಹೇಳಿಬಿಟ್ಟರು. ಹಳೆಯದನ್ನು ಯಾರು ಕೊಳ್ಳುತ್ತಾರೆ? 1983ರಲ್ಲಿ ಕಂಪನಿ ದಿವಾಳಿ. ಬೇರೆ ಕಾರಣಗಳೂ ಇದ್ದವು ಅನ್ನುವವರಿದ್ದಾರೆ. ನನಗೆ ಮಾತ್ರ ಕಾಯುತ್ತಾ ಕೂತ ಆ ಗಿರಾಕಿಗಳ ಮೇಲೆಯೇ ಅನುಮಾನ. ನಮ್ಮ ಜಾತಿಯವರು ಅವರು.

ಇಷ್ಟಕ್ಕೂ ಕಾಯುವುದು ನನ್ನ ಸೋಮಾರಿತನವಲ್ಲ, ಕಲಿತ ಬುದ್ಧಿ. ನಮ್ಮ ತಲೆಮಾರಿಗೆ ದೊಡ್ಡವರು ಎರಡು ಮಾತು ಹೇಳಿಕೊಟ್ಟಿದ್ದರು. ಸೈಟು, ಚಿನ್ನ ಇವತ್ತೇ ತಗೋ. ಕಂಪ್ಯೂಟರು, ಟಿವಿ ನಾಳೆ ತಗೋ. ಮೊದಲನೆಯದನ್ನು ನಮ್ಮಪ್ಪ ಪಾಲಿಸಲಿಲ್ಲ. ಆ ಸೈಟಿನ ಮುಂದೆ ಹೋಗುವಾಗಲೆಲ್ಲ ಈಗಲೂ ಮುಖ ತಿರುಗಿಸಿಕೊಳ್ಳುತ್ತಾರೆ. ಎರಡನೆಯದನ್ನು ನಾನು ತಪ್ಪದೆ ಪಾಲಿಸಿದೆ. ಈಗ ನೋಡಿದರೆ ಕಂಪ್ಯೂಟರು ಕೆಲಸ ಮಾಡುವಾಗ ಬಳಸುವ ಮೆಮೊರಿ, ಅಂದರೆ ರ‍್ಯಾಮ್ ಬಂದು ಸೈಟಿನ ಸಾಲಿನಲ್ಲಿ ಕೂತಿದೆ!

ಅದು ಗೊತ್ತಾದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಕೆಪ್ಯಾಸಿಟರಿನಿಂದ ಹಿಡಿದು ಸರ್ವರ್ ತನಕ ಸಿಗುವ ಜಾಗ ಅದು. ಸ್ಕೂಟರ್ ನಿಲ್ಲಿಸಲು ಜಾಗ ಮಾತ್ರ ಸಿಗುವುದಿಲ್ಲ. ಅಂಗಡಿಯ ಹುಡುಗನಿಗೆ 128 ಜಿಬಿ ರ‍್ಯಾಮ್ ರೇಟು ಕೇಳಿದೆ. ಅವನು ಹೇಳಿದ. ನಾನು ಇನ್ನೊಂದು ಸಲ ಕೇಳಿದೆ. ಅವನು ಅದನ್ನೇ ಹೇಳಿದ.

"ಹೋದ ವರ್ಷ ಇಷ್ಟಿರಲಿಲ್ವಲ್ಲಪ್ಪ?"

"ಎಐ ಸಾರ್. ಎಲ್ಲಾ ಡೇಟಾ ಸೆಂಟರ್‌ಗೆ ಹೋಗ್ತಿದೆ."

ಸುಳ್ಳೇನಲ್ಲ. 2025ರ ಕೊನೆಯ ಹೊತ್ತಿಗೆ ಮೆಮೊರಿ ಮಾಡುವವರೆಲ್ಲ ಆ ದೊಡ್ಡ ಗಿರಾಕಿಗಳ ಕಡೆ ತಿರುಗಿದರು. ಮೈಕ್ರಾನ್ ಕಂಪನಿಯಂತೂ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ಮುಚ್ಚುತ್ತೇವೆ ಅಂತ ಆ ಡಿಸೆಂಬರಿನಲ್ಲಿ ಹೇಳಿತು. ನಾನು ಮನೆ ಚಿತ್ರ ಮಾಡಲು ಕೇಳುವ ರ‍್ಯಾಮು, ಯಾರೋ ಕೇಳಿದ್ದಕ್ಕೆ ಎರಡು ಸೆಕೆಂಡಿನಲ್ಲಿ ಮನೆ ಚಿತ್ರ ಬರೆದುಕೊಡುವ ಯಂತ್ರಕ್ಕೆ ಹೋಗುತ್ತಿದೆ. ಇದರಲ್ಲಿ ಅಳಬೇಕೋ ನಗಬೇಕೋ ಇನ್ನೂ ತೀರ್ಮಾನಿಸಿಲ್ಲ.

ಹುಡುಗ ಪೂರ್ತಿ ಕೊಟೇಶನ್ ಬರೆದುಕೊಟ್ಟ. 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಅಡಿಗೆರೆ ಎಳೆದ. ಅದರ ಕೆಳಗೆ ಇನ್ನೊಂದು ಸಾಲು: ಈ ರೇಟು ಇವತ್ತಿಗೆ ಮಾತ್ರ. ಕೂಗಳತೆಯಲ್ಲಿರುವ ಅವೆನ್ಯೂ ರಸ್ತೆಯ ಚಿನ್ನದಂಗಡಿಯವರು ಹೇಳುವ ಮಾತು ಈ ಬೀದಿಗೂ ಬಂದಿದೆ. ಪ್ರೊಸೆಸರಿನ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಒಂದು ಟ್ಯೂಬ್, ಒಂದು ಬ್ರಷ್ ತಗೊಂಡು ವಾಪಸ್ ಬಂದೆ.

"ತಗೊಂಡ್ರಾ?" ಅಂದಳು ಹೆಂಡತಿ.

"ಸ್ವಲ್ಪ ದಿನ ನೋಡೋಣ. ಇಳಿಯಬಹುದು."

"ಹಾಂ. ಮಾವನೂ ಸೈಟಿಗೆ ಹಾಗೇ ಅಂದಿದ್ರಂತೆ."

ಪೆಟ್ಟಿಗೆ ಬಿಚ್ಚಿ ಧೂಳು ಹೊಡೆದೆ. ಒಂಬತ್ತು ವರ್ಷದ್ದು. ಫ್ಯಾನಿನ ಸಂದಿಯಲ್ಲಿ ಯಾವುದೋ ಆಯುಧಪೂಜೆಯ ಕುಂಕುಮ, ಒಂದು ಒಣಗಿದ ಸೇವಂತಿಗೆ ಎಸಳು. ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಗೊರಕೆ ಕಡಿಮೆಯಾಯಿತು. ಇನ್ನೊಂದು ವರ್ಷ ಓಡುತ್ತದೆ ಅಂತ ಧೈರ್ಯವೂ ಬಂತು. ರಾತ್ರಿ ರೆಂಡರ್ ಹಾಕಿದೆ, ಮಾರನೆಯ ಸಂಜೆಗೆಲ್ಲ ವಿಡಿಯೊ ಕಳಿಸಿದೆ.

"ಮನೆ ಚೆನ್ನಾಗಿದೆ ಸಾರ್," ಅಂದರು ಪಾರ್ಟಿ. "ಸುತ್ತ ಬೋಳು ಬೋಳು ಅನ್ಸುತ್ತೆ, ಅಲ್ವಾ? ಒಂದು ನಾಲ್ಕು ತೆಂಗಿನಮರ, ಗೇಟ್ ಹತ್ರ ಒಂದು ಮಾವು ಹಾಕ್ಬಿಡಿ."

ಶರ್ಟಿನ ಜೇಬಿನಿಂದ ಕೊಟೇಶನ್ ಚೀಟಿ ತೆಗೆದು ನೋಡಿದೆ. ನಿನ್ನೆಯ ತಾರೀಖು.